ದೊರೆಯ ಬೂಟು, ಮರ ಕುಯ್ಯುವವನ ಪಾದ

ಪಾದವನ್ನು ರಕ್ಷಿಸುವುದು ಪಾದರಕ್ಷೆ. ಹೆಸರಿನಲ್ಲೇ ಅದರ ಕೆಲಸ ಏನೆಂಬುದಿದೆ. ಆದರೆ ಎಕ್ಕಡ, ಕೆರ, ಮೆಟ್ಟು, ಜೋಡು ಎಂದು ನಾನಾ ಹೆಸರಿನಿಂದ ಕರೆಸಿಕೊಳ್ಳುವ ಈ ವಸ್ತುವಿಗೆ ನಮ್ಮ ನಾಡಿನಲ್ಲಿ ರಕ್ಷಣೆಗಿಂತ ಮಾನ ಅವಮಾನಗಳ ಪ್ರಶ್ನೆಯೇ ಹೆಚ್ಚಾಗಿ ಅಂಟಿಕೊಂಡು ಬಂದಿದೆ. ಗುಡಿಯ ಮುಂದೆ ಅದನ್ನು ಬಿಡಬೇಕು, ಮನೆಯ ಹೊಸ್ತಿಲಾಚೆ ಬಿಡಬೇಕು. ಒಂದು ಕಾಲದಲ್ಲಿ ಮೇಲ್ಜಾತಿಯವರ ಬೀದಿಯಲ್ಲಿ ಹಾದುಹೋಗುವಾಗ ದಲಿತರು ಅದನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತು. 12ನೇ ಶತಮಾನದ ಶರಣ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರೆಂದೂ, ಬಸವಣ್ಣನವರು ಅದನ್ನು ಮೆಟ್ಟಲೊಲ್ಲದೆ ತಲೆಯ ಮೇಲಿರಿಸಿಕೊಂಡರೆಂದೂ ಕಥೆಯಿದೆ. ಗೌರವಕ್ಕೋ ಅಗೌರವಕ್ಕೋ ಪಾದರಕ್ಷೆ ಗುರುತಾಯಿತು. ದುಡಿಯುವವನ ಪಾದ ಮಾತ್ರ ಬಹುಮಟ್ಟಿಗೆ ಬರಿದಾಗಿಯೇ ಉಳಿಯಿತು.

ಇದನ್ನು ಈಗ ನೆನೆಯಲು ಒಂದು ಹೊಸ ಕಾರಣವುಂಟು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಬೇಲಿಸಾಲಿನ ಜಾಲಿ, ಬದುವಿನ ಸಿಲ್ವರ್ ಓಕ್, ನೀಲಗಿರಿ, ಫಲ ನಿಂತ ತೆಂಗು, ಮಳೆಗಾಳಿಗೆ ರಸ್ತೆಗೆ ಬಿದ್ದ ಮರ, ಯಾವುದನ್ನು ಕಡಿಯಬೇಕಾದರೂ ಇಂದು ಕೊಡಲಿಗಿಂತ ಮೊದಲು ನೆನಪಾಗುವುದು ಪೆಟ್ರೋಲಿನಿಂದ ಓಡುವ ಸರಪಳಿ ಗರಗಸ. ಹಳ್ಳಿಯ ಮಾತಿನಲ್ಲಿ ಅದು ‘ಮರ ಕುಯ್ಯೋ ಮಿಷನ್ನು’. ಹಿಂದೆ ಇಬ್ಬರು ಎದುರುಬದುರು ನಿಂತು ಬೆವರು ಸುರಿಸಿ ಎಳೆಯುತ್ತಿದ್ದ ದಿಮ್ಮಿಯನ್ನು ಒಬ್ಬನೇ ಕೆಲವು ನಿಮಿಷಗಳಲ್ಲಿ ಕುಯ್ದು ಹಾಕುತ್ತಾನೆ. ಕೈಯ ಆಯುಧ ಬದಲಾಯಿತು. ಕಾಲಿನಲ್ಲಿರುವುದು ಸಾಮಾನ್ಯವಾಗಿ ಅದೇ ಹವಾಯಿ ಚಪ್ಪಲಿ. ಎಷ್ಟೋ ಸಲ ಅದೂ ಇಲ್ಲ.

ಕೊಡಲಿಗೂ ಈ ಗರಗಸಕ್ಕೂ ಇರುವ ಅಂತರವನ್ನು ಮರೆಯುವಂತಿಲ್ಲ. ಗರಗಸದ ಸರಪಳಿ ಪೂರ್ಣ ವೇಗದಲ್ಲಿ ಸೆಕೆಂಡಿಗೆ 20 ಮೀಟರಿಗೂ ಹೆಚ್ಚು ಓಡುತ್ತದೆ. ಅಂದರೆ ಗಂಟೆಗೆ 72 ಕಿಲೋಮೀಟರು, ಹೆದ್ದಾರಿಯ ಬಸ್ಸಿನ ವೇಗ. ಅದರ ಹಲ್ಲುಗಳು ಕತ್ತಿಯಂತೆ ಸೀಳುವುದಿಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನು ಕಿತ್ತು ಹೊರಕ್ಕೆ ಎಸೆಯುತ್ತವೆ. ಗಾಯ ಅಗಲವಾಗುತ್ತದೆ, ಹೊಲಿಯುವುದು ಕಷ್ಟವಾಗುತ್ತದೆ. ಕಾಲಿಗೆ ಅಪಾಯ ಹೆಚ್ಚಾಗಿ ಒದಗುವುದು ಮರ ಉರುಳುವಾಗಲ್ಲ, ಉರುಳಿದ ಮರದ ರೆಂಬೆ ಸವರುವಾಗ. ರೆಂಬೆ ಎಣಿಸಿದ್ದಕ್ಕಿಂತ ಬೇಗ ತುಂಡಾಗುತ್ತದೆ. ಒತ್ತಿ ಹಿಡಿದ ಗರಗಸ ತನ್ನ ಭಾರದಿಂದಲೇ ಕೆಳಗಿಳಿದು ಮೊಣಕಾಲಿನಿಂದ ಹೆಬ್ಬೆರಳಿನವರೆಗೆ ಎಲ್ಲಿ ಬೇಕಾದರೂ ತಾಗುತ್ತದೆ.

ಇದಕ್ಕೆಂದೇ ಮಾಡಿದ ಬೂಟು ಲೋಕದಲ್ಲಿ ಉಂಟು. ಅದು ಎರಡು ಬಗೆ: ಚರ್ಮದ್ದು ಮತ್ತು ರಬ್ಬರಿನದು. ಈ ರಬ್ಬರ್ ಬೂಟಿನ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಅದಕ್ಕೆ ಹೆಸರು ಕೊಟ್ಟ ಮನುಷ್ಯ ಸಿಗುತ್ತಾನೆ. ಕುತೂಹಲದ ಸಂಗತಿಯೆಂದರೆ, ಆತ ಒಂದು ಕಾಲಕ್ಕೆ ಶ್ರೀರಂಗಪಟ್ಟಣದಲ್ಲೇ ಕೂತು ಅಧಿಕಾರ ನಡೆಸಿದವನು.

ದರಿಯಾ ದೌಲತ್‌ನಿಂದ ಗದ್ದೆಗೆ

ಆತ ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆ ತೋಪಿನ ಮೇಲೆ ದಾಳಿ ಮಾಡಹೋಗಿ, ಕತ್ತಲಿನಲ್ಲಿ ನೀರುಗಾಲುವೆ, ಬಿದಿರುಮೆಳೆಗಳ ನಡುವೆ ದಿಕ್ಕು ತಪ್ಪಿ, ಮೊಣಕಾಲಿಗೆ ಸಣ್ಣ ಪೆಟ್ಟು ತಿಂದು ಹಿಂತಿರುಗಿದವನು. ಅದೇ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಪಟ್ಟಣದ ಆಡಳಿತ ವೆಲ್ಲೆಸ್ಲಿಯ ಕೈಗೆ ಬಂತು. ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್‌ನಲ್ಲಿ ಆತ ವಾಸವಿದ್ದ. 1805ರಲ್ಲಿ ಭಾರತ ಬಿಟ್ಟು ಹೋದ ಮೇಲೆ ಅವನೇ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿಕೊಂಡು 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ.

ಆ ಕಾಲದ ಸೇನಾಧಿಕಾರಿಗಳು ಮುಂದೆ ಕುಚ್ಚು ತೂಗುವ ಹೆಸ್ಸಿಯನ್ ಬೂಟು ತೊಡುತ್ತಿದ್ದರು. ವೆಲ್ಲಿಂಗ್ಟನ್ ಲಂಡನ್ನಿನ ಹೋಬಿ ಎಂಬ ಬೂಟು ತಯಾರಕನಿಂದ ಅದರ ಕುಚ್ಚು ತೆಗೆಸಿ, ಕಾಲಿಗೆ ಅಂಟುವಂತೆ ಕತ್ತರಿಸಿ, ಮೆತ್ತನೆಯ ಕರುವಿನ ಚರ್ಮದಲ್ಲಿ ಹೊಲಿಸಿಕೊಂಡ. ಕುದುರೆ ಸವಾರಿಗೂ ಸರಿ, ಸಂಜೆಯ ಕೂಟಕ್ಕೂ ಸರಿ. ಅದು ‘ವೆಲ್ಲಿಂಗ್ಟನ್ ಬೂಟು’ ಎಂದೇ ಹೆಸರಾಯಿತು. ಆದರೆ ಇದು ಸಿರಿವಂತರ ಬೂಟು.

ಅದು ರೈತನ ಕಾಲಿಗೆ ಇಳಿದದ್ದು ರಬ್ಬರಿನಿಂದ. ಹಸಿ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಅದಕ್ಕೆ ಗಂಧಕ ಸೇರಿಸಿ ಕಾಯಿಸಿ ಹದ ಮಾಡುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ. ಹೈರಮ್ ಹಚಿನ್ಸನ್ ಎಂಬವನು ಆ ವಿಧಾನವನ್ನು ಕೊಂಡು 1853ರಲ್ಲಿ ಫ್ರಾನ್ಸಿನಲ್ಲಿ ಕಾರ್ಖಾನೆ ತೆರೆದ. ಮರದ ಪಾದರಕ್ಷೆಯಲ್ಲಿ ಕೆಸರು ತುಳಿಯುತ್ತಿದ್ದ ಅಲ್ಲಿನ ರೈತರು ಒಣಗಿದ ಕಾಲಿನಲ್ಲಿ ಮನೆಗೆ ಬರುವಂತಾಯಿತು. ಮೊದಲ ಮಹಾಯುದ್ಧದಲ್ಲಿ ಕಂದಕಗಳ ನೀರಿನಲ್ಲಿ ನಿಂತು ಕಾಲು ಕೊಳೆಯುತ್ತಿದ್ದ ಬ್ರಿಟಿಷ್ ಸೈನಿಕರಿಗಾಗಿ ನಾರ್ತ್ ಬ್ರಿಟಿಷ್ ರಬ್ಬರ್ ಕಂಪನಿಯೊಂದೇ ಸುಮಾರು 12 ಲಕ್ಷ ಜೊತೆ ಮಾಡಿಕೊಟ್ಟಿತು. ನಮ್ಮಲ್ಲಿ ಗಂಬೂಟು ಎಂದು ಕರೆಯುವುದು ಇದನ್ನೇ.

ಗರಗಸದ ಮಾತು ಹಾಗಿರಲಿ, ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಗಂಬೂಟೇ ದೊಡ್ಡ ಉಪಕಾರಿ. ಕಬ್ಬು ಕಡಿದ ಮೇಲೆ ಓರೆಯಾಗಿ ನಿಲ್ಲುವ ಕೂಳೆ ಈಟಿಯಂತೆ ಅಂಗಾಲು ಹೊಗುತ್ತದೆ. ಒಣಗರಿಯ ಅಡಿಯಲ್ಲಿ ಕೊಳಕುಮಂಡಲ ಮಲಗಿರುತ್ತದೆ. ಇಲಿಗಳು ಓಡಾಡಿದ ಗದ್ದೆನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೂ ಇಲಿಜ್ವರ ಒಳಹೊಗುತ್ತದೆ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇಂಥ ಕಡಿತಗಳಲ್ಲಿ ಹೆಚ್ಚಿನವು ಕಾಲಿಗೇ.

ಸರಪಳಿಯನ್ನು ನಿಲ್ಲಿಸುವ ನಾರು

ಆದರೆ ಗದ್ದೆಯ ಗಂಬೂಟು ಗರಗಸವನ್ನು ತಡೆಯಲಾರದು. ಓಡುವ ಸರಪಳಿಗೆ ಬರಿ ರಬ್ಬರು ಲೆಕ್ಕಕ್ಕಿಲ್ಲ, ಬರಿ ಚರ್ಮವೂ ಅಷ್ಟೆ. ಹಾಗಾದರೆ ಗರಗಸದ ಬೂಟಿನಲ್ಲಿರುವ ವಿಶೇಷವೇನು?

ಅದರ ಮುಂಭಾಗದಲ್ಲಿ, ಬೆರಳಿನ ಮೇಲಿನಿಂದ ಕಣಕಾಲಿನವರೆಗೆ, ಬಲವಾದ ಕೃತಕ ನಾರುಗಳ ಹಲವು ಪದರಗಳಿರುತ್ತವೆ. ಸರಪಳಿ ಹೊರಗಿನ ಚರ್ಮವನ್ನು ಕುಯ್ದೊಡನೆ ಈ ಉದ್ದನೆಯ ನಾರುಗಳು ಅದರ ಹಲ್ಲಿಗೆ ಸಿಕ್ಕಿ ಎಳೆದುಕೊಂಡು ಹೋಗುತ್ತವೆ, ಸರಪಳಿಯನ್ನು ತಿರುಗಿಸುವ ಹಲ್ಲುಗಾಲಿಗೆ ಸುತ್ತಿಕೊಳ್ಳುತ್ತವೆ, ಅದನ್ನು ಕಟ್ಟಿಹಾಕುತ್ತವೆ. ಸೈಕಲ್ಲಿನ ಚೈನಿಗೆ ಪಂಚೆಯ ಅಂಚು ಸಿಕ್ಕಿ ಪೆಡಲು ನಿಂತುಹೋಗುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಇಲ್ಲಿ ಗೆಲ್ಲುವುದು ಗಟ್ಟಿತನವಲ್ಲ, ಸಿಕ್ಕು.

ಜೊತೆಗೆ ಬೆರಳುಗಳ ಮೇಲೆ ಉಕ್ಕಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಒಂದು ಟೊಪ್ಪಿಗೆ ಇರುತ್ತದೆ. ಅಂತರರಾಷ್ಟ್ರೀಯ ಮಾನದಂಡದಂತೆ ಅದು 200 ಜೂಲ್‌ಗಳ ಹೊಡೆತ ತಾಳಬೇಕು. ಎಂದರೆ ಸುಮಾರು 20 ಕಿಲೋ ತೂಕದ ದಿಮ್ಮಿ ಒಂದು ಮೀಟರ್ ಎತ್ತರದಿಂದ ಬಿದ್ದರೂ ಬೆರಳು ಉಳಿಯಬೇಕು. ಗರಗಸ ತಡೆಯುವ ಶಕ್ತಿಯನ್ನು ಬೇರೆಯಾಗಿ ಅಳೆದು ನಾಲ್ಕು ದರ್ಜೆ ಮಾಡಿದ್ದಾರೆ: ಸರಪಳಿಯ ವೇಗ ಸೆಕೆಂಡಿಗೆ 20, 24, 28 ಮತ್ತು 32 ಮೀಟರ್ ಇದ್ದಾಗ ತಡೆದವು ಎಂದು. ಹೀಗೆ ತೇರ್ಗಡೆಯಾದ ಬೂಟಿನ ಮೇಲೆ ಗರಗಸದ ಚಿತ್ರವೂ ದರ್ಜೆಯೂ ಇರುತ್ತವೆ. ಕಾರ್ಖಾನೆಯವರು ತೊಡುವ ಉಕ್ಕಿನ ಮೂತಿಯ ಸೇಫ್ಟಿ ಶೂಗೆ ಈ ಗುರುತು ಇರುವುದಿಲ್ಲ. ಬೆರಳಿನಿಂದ ಒಂದಂಗುಲ ಮೇಲೆ ಅದು ಸಾಮಾನ್ಯ ಶೂ ಮಾತ್ರ.

ಗರಗಸದ ಬೂಟಿಗೂ ಮಿತಿಯಿದೆ. ಹಿಮ್ಮಡಿಯ ಕಡೆ ಅದಕ್ಕೆ ಅಂಥ ಪದರಗಳಿಲ್ಲ. ದರ್ಜೆಗಿಂತ ವೇಗವಾಗಿ ಓಡುವ ಸರಪಳಿಯನ್ನು ಅದು ತಡೆದೀತೆಂಬ ಭರವಸೆಯೂ ಇಲ್ಲ. ಒಮ್ಮೆ ಸರಪಳಿ ತಾಗಿ ನಾರು ಕಿತ್ತುಬಂದರೆ ಆ ಬೂಟಿನ ಆಯುಸ್ಸು ಮುಗಿಯಿತು; ಹೊಲಿಸಿ ಮತ್ತೆ ತೊಡುವಂತಿಲ್ಲ.

ಬಾಳಿಕೆ ಎಷ್ಟು?

ಹಳ್ಳಿಗಳ ಹಳೆಯ ಮೆಟ್ಟು ಬಾಳಿಕೆಗೆ ಹೆಸರಾಗಿತ್ತು. ತಂಗಡಿ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮ. ಬಿರುಸಾದರೆ ಹರಳೆಣ್ಣೆ ಸವರುತ್ತಿದ್ದರು. ಅಟ್ಟೆ ಸವೆದರೆ ಹೊಸ ಅಟ್ಟೆ ಕೂಡಿಸುತ್ತಿದ್ದರು. ಮಾಡುತ್ತಿದ್ದವರು ಮಾದಿಗರು, ಸುಗ್ಗಿಯಲ್ಲಿ ಅವರಿಗೆ ಆಯದ ಕಾಳು ಸಲ್ಲುತ್ತಿತ್ತು. ಅಳತೆಗೆ ಚರ್ಮದ ಮೇಲೆ ಪಾದ ಇರಿಸಿ ಸುತ್ತ ಗೆರೆ ಎಳೆದರೆ ಆಯಿತು. ನಾಡಿನ ಕಾಲಿಗೆ ಪಾದರಕ್ಷೆ ಮಾಡಿಕೊಟ್ಟವರೇ ಅದನ್ನು ಮೆಟ್ಟಿ ಊರೊಳಗೆ ನಡೆಯುವಂತಿರಲಿಲ್ಲ ಎಂಬುದು ಈ ಕಥೆಯ ಕಹಿ ಭಾಗ.

ಇಂದಿನ ಬೂಟಿನ ಬಾಳಿಕೆಯ ಲೆಕ್ಕವೇ ಬೇರೆ. ಚರ್ಮದ ಬೂಟು ಒದ್ದೆಯಾದರೆ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಒಲೆಯ ಬಳಿ ಇಟ್ಟರೆ ಚರ್ಮ ಸುಕ್ಕಿ ಬಿರುಕು ಬಿಡುತ್ತದೆ. ರಬ್ಬರಿನ ಬೂಟಿಗೆ ಬಿಸಿಲೂ ಗರಗಸದ ಎಣ್ಣೆಯೂ ಶತ್ರು. ಎಣ್ಣೆ ಹೀರಿದ ರಬ್ಬರು ಊದಿ ಮೆತ್ತಗಾಗುತ್ತದೆ. ಪಾಲಿಯುರಿಥೇನ್ ಎಂಬ ಹಗುರ ಅಟ್ಟೆಗೆ ಸೆಕೆಯೂ ತೇವವೂ ಸೇರಿದರೆ ಕೇಡು. ಹಲವು ವರ್ಷ ಪೆಟ್ಟಿಗೆಯಲ್ಲೇ ಇಟ್ಟ ಹೊಸ ಬೂಟಿನ ಅಟ್ಟೆ ತೊಟ್ಟ ದಿನವೇ ಪುಡಿಪುಡಿಯಾಗಿ ಉದುರುವುದುಂಟು. ಆದ್ದರಿಂದ ಜೋಪಾನವಾಗಿ ಎತ್ತಿಟ್ಟರೆ ಬಾಳಿಕೆ ಹೆಚ್ಚೀತು ಎಂಬ ನಂಬಿಕೆ ಇಲ್ಲಿ ನಡೆಯದು.

ಕಚ್ಚುವ ಬೂಟು

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಹಿತದ್ದು. ಹೊಸ ಚಪ್ಪಲಿ ‘ಕಚ್ಚುತ್ತದೆ’ ಎನ್ನುತ್ತೇವೆ. ಕಚ್ಚುವ ಬೂಟನ್ನು ಯಾರೂ ಎರಡನೆಯ ದಿನ ತೊಡುವುದಿಲ್ಲ. ಮರದ ಬುಡದಲ್ಲಿ ಕಳಚಿಟ್ಟ ಬೂಟು ಯಾವ ದರ್ಜೆಯದಾದರೇನು?

ಬರಿಗಾಲಿನಲ್ಲಿ ಬೆಳೆದ ಪಾದ ಬೆರಳುಗಳ ಕಡೆ ಅಗಲವಾಗಿ ಹರಡಿಕೊಂಡಿರುತ್ತದೆ. ಯುರೋಪಿನ ಅಚ್ಚಿನಲ್ಲಿ ಎರಕವಾದ ಬೂಟು ಅದಕ್ಕೆ ಬಿಗಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತೀಚೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರ ಪಾದ ಸಾಮಾನ್ಯವಾಗಿ ಅಗಲವೆಂದು ಕಂಡುಕೊಂಡಿತು. ನಮ್ಮದೇ ಅಳತೆಯ ಪದ್ಧತಿಯೊಂದನ್ನು ‘ಭಾ’ ಎಂಬ ಹೆಸರಿನಲ್ಲಿ ಸೂಚಿಸಿತು. ಬೂಟು ಬಿಗಿಯಾದಾಗ ಜನ ಒಂದು ಅಳತೆ ದೊಡ್ಡದನ್ನು ಕೊಳ್ಳುತ್ತಾರೆ. ಆಗ ಅಗಲ ಸರಿಹೋಗಿ ಉದ್ದ ಹೆಚ್ಚುತ್ತದೆ, ಹಿಮ್ಮಡಿ ಒಳಗೇ ಜಾರುತ್ತದೆ, ಕೊಂಬೆಗಳ ನಡುವೆ ಕಾಲು ಎಡವುತ್ತದೆ. ಕೈಯಲ್ಲಿ ಓಡುವ ಗರಗಸ ಇರುವಾಗ ಎಡವುವುದು ಸಣ್ಣ ಮಾತಲ್ಲ.

ಇನ್ನು ಸೆಕೆ. ಏಪ್ರಿಲ್ ತಿಂಗಳ ಮಂಡ್ಯದ ಬಿಸಿಲಿನಲ್ಲಿ ನಾರಿನ ಪದರಗಳ ಬೂಟು ಒಳಗೆ ಒಲೆಯಾಗುತ್ತದೆ. ಬೆವರಿಗೆ ಬೆರಳ ಸಂದಿಯಲ್ಲಿ ಕೆಸರುಹುಣ್ಣಿನಂಥ ಹುಣ್ಣು ಏಳುತ್ತದೆ. ಇದಕ್ಕೆ ಹತ್ತಿಯ ಕಾಲುಚೀಲಕ್ಕಿಂತ ಬೆವರು ಹೊರಹಾಕುವ ದಪ್ಪ ಉಣ್ಣೆಯ ಅಥವಾ ಮಿಶ್ರ ನೂಲಿನ ಕಾಲುಚೀಲ ಮೇಲು. ದಿನಕ್ಕೊಂದು ಜೊತೆ ಬದಲಿಸಬೇಕು. ದುಡಿದ ಕಾಲು ಸಂಜೆಗೆ ಊದಿಕೊಳ್ಳುವುದರಿಂದ ಬೂಟನ್ನು ಸಂಜೆ ಹೊತ್ತಿನಲ್ಲೇ, ಕಾಲುಚೀಲ ತೊಟ್ಟೇ ಅಳತೆ ನೋಡಬೇಕು. ಬೆರಳು ಉಕ್ಕಿನ ಟೊಪ್ಪಿಗೆಗೆ ತಾಗಬಾರದು.

ಗಣಿ ಕೆಲಸದಲ್ಲಿ ಈ ಪ್ರಶ್ನೆಗೆ ಕಾನೂನು ಒಂದು ಉತ್ತರ ಕೊಟ್ಟಿತ್ತು. 1961ರ ಲೋಹ ಗಣಿಗಳ ನಿಯಮಾವಳಿ ರಕ್ಷಣೆಯ ಪಾದರಕ್ಷೆ ಇಲ್ಲದವರು ಗಣಿಯೊಳಗೆ ಹೋಗಕೂಡದೆಂದು ಕಟ್ಟಳೆ ಮಾಡಿತು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗೂ ಅದು ಅನ್ವಯಿಸುತ್ತಿತ್ತು. ಗಣಿಗೆ ಒಂದು ಬಾಗಿಲಿದೆ, ಅಲ್ಲಿ ನಿಂತು ಕಾಲು ನೋಡುವವರಿರುತ್ತಾರೆ. ಇಂದು ಈ ಊರಿನ ಬೇಲಿ, ನಾಳೆ ಆ ಊರಿನ ತೋಟ ಎಂದು ಅಲೆಯುವ ಮರ ಕುಯ್ಯುವವನಿಗೆ ಅಂಥ ಬಾಗಿಲಿಲ್ಲ. ಮಿಷನ್ನು ಬಾಡಿಗೆಗೆ ಸಿಕ್ಕೀತು. ಬೂಟು ಹಾಗಲ್ಲ, ಅದು ಅವನವನ ಪಾದದ ಅಳತೆಗೇ ಇರಬೇಕು. ಹಾಗಾಗಿ ಮರದ ಯಜಮಾನನೋ ಗುತ್ತಿಗೆದಾರನೋ ಕೂಲಿ ಗೊತ್ತುಮಾಡುವಾಗ ಪೆಟ್ರೋಲಿನ ಖರ್ಚಿನೊಡನೆ ಬೂಟಿನ ಖರ್ಚನ್ನೂ ಸೇರಿಸಿಕೊಳ್ಳುವ ರೂಢಿ ಬರಬೇಕಾಗಿದೆ. ಗರಗಸ ಕೊಳ್ಳುವವರು ಅದರ ಬೆಲೆಯ ಜೊತೆಗೆ ಒಂದು ಜೊತೆ ಬೂಟಿನ ಬೆಲೆಯನ್ನೂ ಎಣಿಸಿಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.