ಹಳದಿ ಅರಮನೆಯ ಹಿರಿಯ ಮಗಳು

ಕೋಪನ್‌ಹೇಗನ್ ನಗರದಲ್ಲಿ, ಡೆನ್ಮಾರ್ಕಿನ ದೊರೆಗಳ ಅಮಾಲಿಯೆನ್‌ಬೋರ್ ಅರಮನೆಗಳ ಮಗ್ಗುಲಿನಲ್ಲಿಯೇ, ‘ಹಳದಿ ಅರಮನೆ’ಯೆಂದು ಪ್ರಸಿದ್ಧವಾದ ಒಂದು ಭವನವುಂಟು. ಅರಮನೆಯೆಂಬುದು ಕೇವಲ ಗೌರವದ ಮಾತು; ಹದಿನೆಂಟನೆಯ ಶತಮಾನದಲ್ಲಿ ಒಬ್ಬ ವರ್ತಕನಿಗಾಗಿ ಕಟ್ಟಲ್ಪಟ್ಟು, ಅನಂತರ ರಾಜಮನೆತನದ ವಶಕ್ಕೆ ಬಂದ ಮನೆಯದು. 1844ರ ಡಿಸೆಂಬರ್ 1ರಂದು ಅಲ್ಲಿ ಜನಿಸಿದ ಅಲೆಕ್ಸಾಂಡ್ರಾ, ಮುಂದೆ ಏಳನೆಯ ಎಡ್ವರ್ಡನ ಪಟ್ಟದರಸಿಯಾಗಿ, 1901ರಿಂದ 1910ರವರೆಗೆ, ತಾನು ಎಂದೂ ಕಾಣದಿದ್ದ ನಮ್ಮ ದೇಶಕ್ಕೂ ಸಾಮ್ರಾಜ್ಞಿಯೆನಿಸಿದಳು.

ಆಕೆಯ ತಂದೆ ಕ್ರಿಶ್ಚಿಯನ್ ಗ್ಲುಕ್ಸ್‌ಬುರ್ಗ್ ಮನೆತನದ ಡ್ಯೂಕನ ಕಿರಿಯ ಮಕ್ಕಳಲ್ಲೊಬ್ಬ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಡೆನ್ಮಾರ್ಕಿನ ಆಸ್ಥಾನದ ಆಶ್ರಯದಲ್ಲಿ ಬೆಳೆದು, ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಈತನಿಗೆ ವಂಶದ ಹೆಸರಿದ್ದಿತೇ ಹೊರತು ಹೇಳಿಕೊಳ್ಳುವಂತಹ ಆಸ್ತಿಯಿರಲಿಲ್ಲ. ವರ್ಷದ ಆದಾಯ ಸುಮಾರು 800 ಪೌಂಡುಗಳಷ್ಟಿತ್ತೆಂದು ಚರಿತ್ರಕಾರರು ಲೆಕ್ಕ ಹಾಕುತ್ತಾರೆ. ಅಲೆಕ್ಸಾಂಡ್ರಾ ಮತ್ತು ಆಕೆಯ ತಂಗಿ ಡಾಗ್ಮಾರ್ ಮಾಳಿಗೆಯ ಮೇಲಣ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ತಮ್ಮ ಉಡುಪುಗಳನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಊಟದ ಹೊತ್ತಿನಲ್ಲಿ ಬಡಿಸುವ ಕೆಲಸಕ್ಕೂ ನಿಲ್ಲುತ್ತಿದ್ದರು. ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಆಗಾಗ ಬಂದು ಮಕ್ಕಳಿಗೆ ಕಥೆ ಹೇಳುತ್ತಿದ್ದನೆಂಬುದೂ ಉಂಟು. ಆಕೆಯ ಚರಿತ್ರೆಯನ್ನು ಬರೆದವರೆಲ್ಲರೂ ಈ ಬಡತನದ ವರ್ಣನೆಯಲ್ಲಿ ಮನಸೋತು ನಿಂತಿದ್ದಾರೆ. ಆದರೆ ಬಾಡಿಗೆಯಿಲ್ಲದ ಮನೆ, ಬೇಸಗೆಗೆ ಬೆರ್ನ್‌ಸ್ಟೋರ್ಫಿನ ಉದ್ಯಾನಸೌಧ, ಸುತ್ತಲೂ ದೊರೆಗಳಾದ ಬಂಧುಗಳು ಇದ್ದವರನ್ನು ಬಡವರೆಂದು ಕರೆಯಬೇಕಾದರೆ, ಆ ಪದವನ್ನು ಸಾಕಷ್ಟು ಹಿಗ್ಗಿಸಬೇಕಾಗುತ್ತದೆ. ಅಲೆಕ್ಸಾಂಡ್ರಾಳನ್ನು ರೂಪಿಸಿದುದು ಮಾಳಿಗೆಯ ಕೋಣೆಗಿಂತ ಹೆಚ್ಚಾಗಿ ಆ ಮನೆಯ ಊಟದ ಮೇಜಿನ ಸುತ್ತ ದಿನವೂ ಸುಳಿಯುತ್ತಿದ್ದ ಒಂದು ವ್ಯಾಜ್ಯವೆಂದೇ ನನ್ನ ಎಣಿಕೆ.

ಆ ವ್ಯಾಜ್ಯವು ಶ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಎಂಬ ಎರಡು ಸಂಸ್ಥಾನಗಳದು. ಡೆನ್ಮಾರ್ಕಿನ ದೊರೆಯೇ ಅವುಗಳಿಗೂ ಡ್ಯೂಕನಾಗಿದ್ದರೂ, ಅಲ್ಲಿನ ಜರ್ಮನ್ ಭಾಷಿಕರಲ್ಲಿ ಬಹುಮಂದಿಯ ಮನಸ್ಸು ಜರ್ಮನಿಯ ಕಡೆಗಿದ್ದಿತು. 1848ರಲ್ಲಿ ಅದು ಯುದ್ಧವಾಗಿ ಹೊತ್ತಿಕೊಂಡಾಗ, ಕ್ರಿಶ್ಚಿಯನ್ನನ ಸಹೋದರರು ದಂಗೆಯೆದ್ದವರ ಪಕ್ಷವನ್ನು ಹಿಡಿದರೆ, ಆತನು ಡೆನ್ಮಾರ್ಕಿನ ಪಕ್ಷದಲ್ಲಿಯೇ ನಿಂತನು. ಈ ನಿಷ್ಠೆಗೆ ಫಲವೂ ದೊರೆಯಿತು. ಅಂದಿನ ದೊರೆ ಏಳನೆಯ ಫ್ರೆಡರಿಕನಿಗೆ ಮೂರು ಮದುವೆಗಳಾಗಿದ್ದರೂ ಸಂತಾನವಿರಲಿಲ್ಲವಾದುದರಿಂದ, 1852ರ ಲಂಡನ್ ಒಪ್ಪಂದದ ಮೂಲಕ ಯೂರೋಪಿನ ಪ್ರಬಲ ರಾಷ್ಟ್ರಗಳು ಕ್ರಿಶ್ಚಿಯನ್ನನನ್ನು ಉತ್ತರಾಧಿಕಾರಿಯೆಂದು ಅಂಗೀಕರಿಸಿದುವು. ಇದರಲ್ಲಿ ಗೃಹಿಣಿಯ ಪಾಲನ್ನು ಮರೆಯುವವರೇ ಹೆಚ್ಚು. ಹೆಸ್ಸೆ-ಕಾಸೆಲ್ ಮನೆತನದ ಲೂಯಿಸ್, ಎಂಟನೆಯ ಕ್ರಿಶ್ಚಿಯನ್ ದೊರೆಯ ಸೋದರಿಯ ಮಗಳು. ತಾಯಿಯೂ ಕಿರಿಯ ಸೋದರನೂ ತಮ್ಮ ಹಕ್ಕನ್ನು ಆಕೆಗೆ ಬಿಟ್ಟುಕೊಡಲು, ಆಕೆ ತನ್ನ ಹಕ್ಕನ್ನು ಗಂಡನಿಗೆ ಒಪ್ಪಿಸಿದಳು. ಎಂದರೆ, ಸಿಂಹಾಸನವು ಆ ಮನೆಯ ಹೊಸ್ತಿಲನ್ನು ದಾಟಿ ಬಂದುದು ಹೆಂಡತಿಯ ಕೈಹಿಡಿದೇ. ಮಕ್ಕಳ ಶಿಕ್ಷಣ, ಶಿಸ್ತು, ಸಂಗೀತಾಭ್ಯಾಸಗಳನ್ನೂ ನೋಡಿಕೊಂಡವಳು ಈ ಲೂಯಿಸಳೇ. ಕುಲದಲ್ಲಿ ಇಳಿದುಬಂದಿದ್ದ ಕಿವುಡೂ ತಾಯಿಯಿಂದಲೇ ಹಿರಿಯ ಮಗಳಿಗೆ ಬಂದಿತು.

ಯುವರಾಜ ಎಡ್ವರ್ಡನಿಗೆ ಕನ್ಯೆಯನ್ನು ಅರಸುವ ಹೊಣೆಯನ್ನು ವಿಕ್ಟೋರಿಯಾ ರಾಣಿಯು ತನ್ನ ಹಿರಿಯ ಮಗಳಿಗೆ, ಎಂದರೆ ಪ್ರಷ್ಯಾದ ಯುವರಾಣಿಗೆ, ಒಪ್ಪಿಸಿದ್ದಳು. ಡೆನ್ಮಾರ್ಕಿನ ಸಂಬಂಧವು ಪ್ರಷ್ಯಾಕ್ಕೆ ಹಿತವಲ್ಲವೆಂಬುದು ಎಲ್ಲರಿಗೂ ತಿಳಿದಿದ್ದಿತು. ಕನ್ಯೆಯ ರೂಪವೇ ಆ ಆಕ್ಷೇಪಣೆಯನ್ನು ಗೆದ್ದಿತು. 1861ರ ಸೆಪ್ಟೆಂಬರಿನಲ್ಲಿ ಸ್ಪೈಯರ್ ನಗರದಲ್ಲಿ ಭೇಟಿ. ಮರುವರ್ಷದ ಸೆಪ್ಟೆಂಬರಿನಲ್ಲಿ ಬೆಲ್ಜಿಯಮ್ಮಿನ ಲಾಕೆನ್ ಅರಮನೆಯಲ್ಲಿ ನಿಶ್ಚಯ. 1863ರ ಮಾರ್ಚ್ 10ರಂದು ವಿಂಡ್ಸರಿನಲ್ಲಿ ವಿವಾಹ. ವಧುವಿಗೆ ಹದಿನೆಂಟು ವರ್ಷ.

ಆ ವರ್ಷವು ಹಳದಿ ಅರಮನೆಯನ್ನು ಬಹುಮಟ್ಟಿಗೆ ಬರಿದು ಮಾಡಿತೆನ್ನಬೇಕು. ಅದೇ ಮಾರ್ಚ್ ತಿಂಗಳ ಕೊನೆಯಲ್ಲಿ, ನೌಕಾದಳದಲ್ಲಿ ಶಿಕ್ಷಣ ಪಡೆಯುತ್ತಿದ್ದ ಹದಿನೇಳು ವಯಸ್ಸಿನ ತಮ್ಮ ವಿಲಿಯಂ ಗ್ರೀಸಿನ ದೊರೆಯಾಗಿ ಚುನಾಯಿತನಾಗಿ ಜಾರ್ಜ್ ಎಂಬ ಹೆಸರನ್ನು ಧರಿಸಿದನು. ಊಟಕ್ಕೆಂದು ಒಯ್ದ ರೊಟ್ಟಿಗೆ ಸುತ್ತಿದ್ದ ವೃತ್ತಪತ್ರಿಕೆಯಿಂದ ಅವನಿಗೆ ಈ ಸಂಗತಿ ತಿಳಿಯಿತೆಂದು ಒಂದು ಕಥೆಯಿದೆ, ನಂಬುವವರು ನಂಬಬಹುದು. ನವೆಂಬರಿನಲ್ಲಿ ಫ್ರೆಡರಿಕನು ಕಾಲವಾಗಿ, ತಂದೆಯೇ ಒಂಬತ್ತನೆಯ ಕ್ರಿಶ್ಚಿಯನ್ ದೊರೆಯಾದನು. ಡಾಗ್ಮಾರಳು 1866ರಲ್ಲಿ ರಷ್ಯದ ಯುವರಾಜನನ್ನು ವರಿಸಿ, ಕಡೆಯ ತ್ಸಾರ್ ಎರಡನೆಯ ನಿಕೊಲಸನ ತಾಯಿಯಾದಳು. ಎರಡನೆಯ ಎಲಿಜಬೆತ್ ರಾಣಿಯ ಪತಿ ಫಿಲಿಪ್ ಆ ಗ್ರೀಸಿನ ಜಾರ್ಜನ ಮೊಮ್ಮಗ.

ಆದರೆ ಪಟ್ಟವೇರಿದ ಮರುಕ್ಷಣವೇ ತಂದೆಯ ತಲೆಯ ಮೇಲೆ ಆ ಹಳೆಯ ವ್ಯಾಜ್ಯ ಎರಗಿತು. 1864ರ ಜನವರಿಯಲ್ಲಿ ಅಲೆಕ್ಸಾಂಡ್ರಾ ದಿನ ತುಂಬುವ ಮೊದಲೇ ಚೊಚ್ಚಲ ಮಗನನ್ನು ಹೆತ್ತಳು. ಫೆಬ್ರವರಿಯಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಸೈನ್ಯಗಳು ಶ್ಲೆಸ್ವಿಗಿನೊಳಕ್ಕೆ ನುಗ್ಗಿದುವು. ಆಕೆಯ ವಿವಾಹವನ್ನು ಕೂಡಿಸಿದ ನಾದಿನಿಯ ಗಂಡನೇ ಪ್ರಷ್ಯಾ ಸೈನ್ಯದೊಡನೆ ರಣರಂಗದಲ್ಲಿದ್ದನು. ಇಂಗ್ಲೆಂಡು ಕೈಕಟ್ಟಿ ಕುಳಿತಿತು. ಮನೆಯಲ್ಲಿ ಒಬ್ಬರೊಬ್ಬರ ಮನಸ್ಸು ಮುರಿಯಬಾರದೆಂದು ವಿಕ್ಟೋರಿಯಾ ತನ್ನೆದುರಿನಲ್ಲಿ ಆ ಯುದ್ಧದ ಮಾತನ್ನೇ ನಿಷೇಧಿಸಿದಳು. ವರ್ಷಾಂತ್ಯದ ವೇಳೆಗೆ ಡೆನ್ಮಾರ್ಕ್ ದೊರೆಯ ರಾಜ್ಯದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಭೂಮಿ ಕೈಬಿಟ್ಟುಹೋಗಿದ್ದಿತು.

ಅಲೆಕ್ಸಾಂಡ್ರಾಳನ್ನು ಸುಂದರಿ, ದಯಾಳು, ರಾಜಕಾರಣ ತಿಳಿಯದವಳು ಎಂದು ಚಿತ್ರಿಸುವುದು ವಾಡಿಕೆ. ರಾಜಕಾರಣದ ಬೇರೆಲ್ಲ ವಿಷಯಗಳಲ್ಲಿಯೂ ಆಕೆ ಉದಾಸೀನಳಾಗಿದ್ದಳೆಂದು ಒಪ್ಪಿಕೊಂಡರೂ, ಈ ಒಂದರಲ್ಲಿ ಆಕೆಯ ನೆನಪು ಎಂದೂ ಮಸುಕಾಗಲಿಲ್ಲ. 1890ರಲ್ಲಿ ಮಗ ಜಾರ್ಜನನ್ನು ಪ್ರಷ್ಯಾದ ಒಂದು ಪಡೆಗೆ ಗೌರವಾಧಿಕಾರಿಯನ್ನಾಗಿ ಮಾಡಿದಾಗ ಆಕೆ ಅವನಿಗೆ ಕಟುವಾಗಿಯೇ ಪತ್ರ ಬರೆದಳು. ಅದೇ ವರ್ಷ ಪ್ರಧಾನಿ ಸಾಲ್ಸ್‌ಬರಿಯು ಆಫ್ರಿಕದ ಜಾಂಜಿಬಾರಿನ ಮೇಲಣ ಹಕ್ಕುಗಳಿಗೆ ಬದಲಾಗಿ, ಹಿಂದೆ ಡೆನ್ಮಾರ್ಕಿನದಾಗಿದ್ದು 1807ರಲ್ಲಿ ಇಂಗ್ಲಿಷರ ವಶವಾಗಿದ್ದ ಹೆಲಿಗೋಲ್ಯಾಂಡ್ ಎಂಬ ಪುಟ್ಟ ದ್ವೀಪವನ್ನು ಜರ್ಮನಿಗೆ ಬಿಟ್ಟುಕೊಡಲು ಮುಂದಾದಾಗ, ಅದನ್ನು ವಿರೋಧಿಸಿ ಒಂದು ಜ್ಞಾಪನಪತ್ರವನ್ನೇ ಸಿದ್ಧಪಡಿಸಿದಳು. ಆ ಮಾತನ್ನು ಯಾರೂ ಲೆಕ್ಕಿಸಲಿಲ್ಲ. ದ್ವೀಪವು ಜರ್ಮನರ ಕೈಸೇರಿ ನೌಕಾನೆಲೆಯಾಯಿತು. 1914ರ ಆಗಸ್ಟ್ 28ರಂದು, ವಿಧವೆ ರಾಣಿಗೆ ಅರವತ್ತೊಂಬತ್ತು ವರ್ಷ ನಡೆಯುತ್ತಿದ್ದಾಗ, ಇಂಗ್ಲಿಷ್ ಮತ್ತು ಜರ್ಮನ್ ನೌಕಾದಳಗಳು ಮಹಾಯುದ್ಧದಲ್ಲಿ ಮೊತ್ತಮೊದಲು ಕೈಮಿಲಾಯಿಸಿದುದು ಆ ದ್ವೀಪದ ಬಳಿಯ ಕಡಲಿನಲ್ಲಿ.