ನಿರ್ಮಾಪಕರಾಗಲೂ ಕಲಿಯಬೇಕೇ?

ಮೊನ್ನೆ ಸಂಜೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಿದ್ದಳು. ಹತ್ತನೆಯ ತನಕ ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಕಲಿತವಳು, ಈಗ ಬಿ.ಕಾಂ. ಮುಗಿದಿದೆ. ಮುಂದೆ ಚಲನಚಿತ್ರ ಮತ್ತು ಟಿ.ವಿ. ನಿರ್ಮಾಣವನ್ನು ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ.

"ಮಾಸ್ಟ್ರೇ, ನೀವಾದರೂ ಹೇಳಿ. ಸಿನೆಮಾ ತೆಗೆಯುವುದು ದುಡ್ಡಿದ್ದವರ ಕೆಲಸ. ನಮ್ಮಲ್ಲಿರುವುದು ಅರ್ಧ ಎಕ್ರೆ ಅಡಿಕೆ ತೋಟ. ಇವಳು ಅದನ್ನು ಕಲಿತು ಮಾಡುವುದೇನು?" ಎಂದರು ತಂದೆ.

ನಿರ್ಮಾಪಕನೆಂದರೆ ಹಣ ಸುರಿಯುವವನು ಎಂದೇ ನಾವೂ ಬಹುಕಾಲ ತಿಳಿದಿದ್ದೆವು. ಆದರೆ ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ ಹಣದ ಮಾತನ್ನೇ ಎತ್ತುವುದಿಲ್ಲ. ಕೃತಿಯ ತಯಾರಿಗೆ ಮುಂದಾಗಿ ಅದರ ಹೊಣೆ ಹೊರುವವನೇ ನಿರ್ಮಾಪಕ ಎನ್ನುತ್ತದೆ. ಯಕ್ಷಗಾನ ಮೇಳದ ಯಜಮಾನರನ್ನು ನೆನೆದರೆ ವಿಷಯ ತಿಳಿಯಾದೀತು. ಅವರು ವೇಷ ಕಟ್ಟಬೇಕಾಗಿಲ್ಲ, ಪದ ಹೇಳಬೇಕಾಗಿಲ್ಲ. ಆದರೆ ಕಲಾವಿದರನ್ನು ಗೊತ್ತುಮಾಡುವುದು, ಇಂದು ಎಲ್ಲಿ ಆಟ, ನಾಳೆ ಎಲ್ಲಿ ಎಂದು ನಿಶ್ಚಯಿಸುವುದು, ಮಳೆ ಬಂದರೆ ನಷ್ಟ ತಾಳುವುದು ಎಲ್ಲವೂ ಅವರ ತಲೆಗೇ.

ಹಾಗಾದರೆ ಕಲಿಯುವುದೇನು? ಕತೆಗಾರರಿಂದ ಹಕ್ಕನ್ನು ಬರಹದಲ್ಲಿ ಪಡೆಯಬೇಕು. ಚಿತ್ರಕತೆಯನ್ನು ಬಿಡಿಸಿ ಯಾವ ದೃಶ್ಯಕ್ಕೆ ಎಷ್ಟು ಜನ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ಪಟ್ಟಿ ಮಾಡಬೇಕು. ಕತೆಯ ಮೊದಲಿಗೂ ಕೊನೆಗೂ ಒಂದೇ ಮನೆ ಬರುವುದಾದರೆ ಆ ದೃಶ್ಯಗಳನ್ನು ಒಟ್ಟಿಗೇ ಚಿತ್ರೀಕರಿಸಬೇಕು. ಇಲ್ಲವಾದರೆ ಬಾಡಿಗೆ ಎರಡು ಸಲ, ವ್ಯಾನು ಎರಡು ಸಲ, ಊಟವೂ ಎರಡು ಸಲ. ಅನಿರೀಕ್ಷಿತ ಖರ್ಚಿಗೆಂದು ಸುಮಾರು ಶೇಕಡಾ 10 ತೆಗೆದಿಡುವುದು ವಾಡಿಕೆ. ಆಮೇಲೆ ಸೆನ್ಸಾರ್ ಪ್ರಮಾಣಪತ್ರ, ವಿತರಕರೊಡನೆ ಕರಾರು, ವಾಹಿನಿಗಳಿಗೆ ಹಕ್ಕಿನ ಮಾರಾಟ. ದಿನನಿತ್ಯದ ಧಾರಾವಾಹಿಯದ್ದು ಇನ್ನೂ ಫಜೀತಿ: ನಟಿಗೆ ಜ್ವರ ಬಂದರೂ ನಾಳೆಯ ಕಂತು ನಾಳೆಯೇ ಹೋಗಬೇಕು. ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಮೈಕ್ ಸೆಟ್ಟಿನವನನ್ನು ಹುಡುಕಿ ಅಲೆದ ನಮಗೆ ಇದರ ಬಿಸಿ ತುಸು ತಟ್ಟಿದೆ!

ಕೊಲ್ಕತ್ತದಲ್ಲಿ 1995ರಲ್ಲಿ ಆರಂಭವಾದ, ಸತ್ಯಜಿತ್ ರೇ ಅವರ ಹೆಸರಿನ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ. ಕೇಂದ್ರ ಸರಕಾರದ ಸಂಸ್ಥೆ. ಪದವಿ ಮುಗಿದಿರಬೇಕು, ಪ್ರವೇಶ ಪರೀಕ್ಷೆಯಲ್ಲಿ ಗೆಲ್ಲಬೇಕು. ಬಿ.ಕಾಂ. ಓದಿದವಳಿಗೆ ಲೆಕ್ಕಪತ್ರದ ಭಯವಂತೂ ಇಲ್ಲ.

ಹಣದ ಮಾತಿಗೂ ಉತ್ತರವಿದೆ. ಪುಣೆಯಲ್ಲಿ ಸಿನೆಮಾ ಕಲಿತ ಅಡೂರ್ ಗೋಪಾಲಕೃಷ್ಣನ್ ಸಿರಿವಂತರನ್ನು ಕಾದು ಕೂರಲಿಲ್ಲ. ಗೆಳೆಯರೊಡನೆ ಚಿತ್ರಲೇಖ ಎಂಬ ಸಹಕಾರ ಸಂಘ ಕಟ್ಟಿದರು. 1972ರ 'ಸ್ವಯಂವರಂ' ತಯಾರಾದದ್ದು ಅದರ ಮೂಲಕ, ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ನಿನ ಸಾಲ ಪಡೆದು. 1976ರ 'ಮಂಥನ್'ಗೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಅಷ್ಟು ಜನರ ಎರಡು ರೂಪಾಯಿಗೆ ಲೆಕ್ಕ ಒಪ್ಪಿಸುವುದು ಸಾಮಾನ್ಯ ಕೆಲಸವಲ್ಲ.

ಕಾಸರಗೋಡಿನ ಕನ್ನಡ ಶಾಲೆಯ ಪಾಡನ್ನು 2018ರಲ್ಲಿ ತೆರೆಗೆ ತಂದವರು ರಿಷಬ್ ಶೆಟ್ಟಿ. ನಿರ್ದೇಶನವೂ ಅವರದೇ, ನಿರ್ಮಾಣವೂ ಅವರದೇ. ಅದಕ್ಕೆ ಶ್ರೇಷ್ಠ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. "ಅವರು ಕುಂದಾಪುರದ ಕಡೆಯವರು ಸರ್. ನಮ್ಮ ಕತೆಯ ಹೊಣೆ ಹೊರಲು ಇನ್ನು ಮುಂದೆ ನಮ್ಮೂರಿನವರೂ ಬೇಡವೇ?" ಎಂದು ಹುಡುಗಿ ಕೇಳಿದಳು. ಕಲಿತೊಡನೆ ಕೆಲಸ ಸಿಕ್ಕೀತೆಂಬ ಭರವಸೆ ಇಲ್ಲ, ಅಲ್ಲಿ ಕನ್ನಡವೂ ನಡೆಯದು ಎಂದು ನಾವು ಮುಚ್ಚುಮರೆಯಿಲ್ಲದೆ ಹೇಳಿದೆವು. ಅವಳು ಹೂಂಗುಟ್ಟಿದಳು.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಕೊಲ್ಕತ್ತಕ್ಕೆ ಚೆನ್ನೈಯಲ್ಲಿ ಗಾಡಿ ಬದಲಿಸುವುದಲ್ಲವಾ ಮಾಸ್ಟ್ರೇ?" ಎಂದು ಕೇಳಿದರು.