ಶಿಶಿಕ್ಷುಗಳಿಗೆ ಹೆಚ್ಚುವರಿ ಕೋರ್ಸು: ಖರ್ಚು ಯಾರ ಲೆಕ್ಕಕ್ಕೆ?

ಶಿಶಿಕ್ಷುವನ್ನು, ಅಂದರೆ ರೂಢಿಯ ಮಾತಿನಲ್ಲಿ ಅಪ್ರೆಂಟಿಸನನ್ನು, ಸೇರಿಸಿಕೊಂಡ ಉದ್ಯಮಿಗೆ ಕೆಲವೇ ತಿಂಗಳಲ್ಲಿ ಒಂದು ಕೊರತೆ ಗೋಚರಿಸುತ್ತದೆ. ದಾಂಡೇಲಿಯ ಫ್ಯಾಬ್ರಿಕೇಶನ್ ವರ್ಕ್‌ಶಾಪಿಗೆ ಆರ್ಗಾನ್ ವೆಲ್ಡಿಂಗ್ ಬಲ್ಲವನು ಬೇಕು. ಜೋಯಿಡಾದ ರೆಸಾರ್ಟಿಗೆ ಅತಿಥಿಗಳೊಡನೆ ಹಿಂದಿ, ಇಂಗ್ಲಿಷ್ ಆಡಬಲ್ಲವನು. ಮುಂಡಗೋಡದ ಅಕ್ಕಿ ಗಿರಣಿಗೆ ಪ್ಯಾನೆಲ್ ಬೋರ್ಡು ತಿಳಿದವನು. ಹೆಚ್ಚುವರಿ ಕೋರ್ಸಿಗೆ ಕಳುಹಿಸಿದರೆ ಅದರ ಶುಲ್ಕವನ್ನು ಸರ್ಕಾರ ಭರಿಸುವುದೇ ಎಂಬ ಪ್ರಶ್ನೆ ಆಗ ಏಳುತ್ತದೆ. ಕರಾರಿನ ಹೊರಗಿನ ಕೋರ್ಸಿನ ಶುಲ್ಕ ಮಾಲೀಕನದೇ. ಆದರೆ ಅದೇ ಕಲಿಕೆಯನ್ನು ಕರಾರಿಗೆ ಮುನ್ನವೇ ಪಠ್ಯಕ್ರಮದೊಳಗೆ ಸೇರಿಸಿಕೊಂಡರೆ ಲೆಕ್ಕ ಬೇರೆಯಾಗುತ್ತದೆ.

2016ರ ಆಗಸ್ಟ್‌ನಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯ ನೆರವು ಶಿಷ್ಯವೇತನಕ್ಕೆ ಸಂಬಂಧಿಸಿದ್ದು: ಶೇ. 25ರಷ್ಟು, ಗರಿಷ್ಠ ತಿಂಗಳಿಗೆ ರೂ. 1,500. ಮೂಲ ಯೋಜನೆಯಲ್ಲಿ, ಯಾವ ತರಬೇತಿಯೂ ಇಲ್ಲದೆ ನೇರವಾಗಿ ಬಂದವರ 500 ಗಂಟೆಗಳ ಪ್ರಾಥಮಿಕ ತರಬೇತಿಗೆ ರೂ. 7,500ರವರೆಗೆ ನೆರವಿತ್ತು, ಐ.ಟಿ.ಐ. ಮುಗಿಸಿದವರ ಮೇಲ್ತರಬೇತಿಗೆ ಅದು ಅನ್ವಯಿಸುತ್ತಿರಲಿಲ್ಲ.

2019ರ ನಿಯಮಗಳು ಐ.ಟಿ.ಐ. ಪ್ರಮಾಣಪತ್ರವುಳ್ಳವನಿಗೆ ಕನಿಷ್ಠ ರೂ. 7,000 ಗೊತ್ತುಪಡಿಸಿದವು. ಇದರ ಶೇ. 25 ಎಂದರೆ ರೂ. 1,750, ಸಿಗುವುದು 1,500 ಮಾತ್ರ. ಮಾಲೀಕ ಉದಾರನಾಗಿ 9,000 ಕೊಟ್ಟರೂ ಸರ್ಕಾರದ ಪಾಲು ಒಂದು ರೂಪಾಯಿಯೂ ಏರದು. 2025ರ ಮೇ ತಿಂಗಳಲ್ಲಿ ಕೇಂದ್ರ ಶಿಶಿಕ್ಷು ಮಂಡಳಿಯು ಶಿಷ್ಯವೇತನವನ್ನು ಶೇ. 36ರಷ್ಟು ಏರಿಸಲು ಶಿಫಾರಸು ಮಾಡಿತು. ಮಿತಿ ಏರದೆ ವೇತನ ಮಾತ್ರ ಏರಿದರೆ ಹೆಚ್ಚಿನ ಭಾರ ಬಹುಪಾಲು ನಮ್ಮ ಮೇಲೆಯೇ. 2023ರಿಂದ ಸರ್ಕಾರದ ಪಾಲು ಶಿಶಿಕ್ಷುವಿನ ಬ್ಯಾಂಕ್ ಖಾತೆಗೇ ನೇರವಾಗಿ ಜಮೆಯಾಗುತ್ತಿರುವುದರಿಂದ, ಪೂರ್ತಿ ಹಣ ಕೊಟ್ಟು ಮರುಪಾವತಿಗೆ ಕಾಯುವ ಹಳೆಯ ಪದ್ಧತಿಯನ್ನು ಬಿಡತಕ್ಕದ್ದು.

ಈಗ ಮುಖ್ಯ ವಿಷಯ. ಫಿಟ್ಟರ್, ಎಲೆಕ್ಟ್ರಿಷಿಯನ್ ಮುಂತಾದ ನಿಗದಿತ ವೃತ್ತಿಗಳ ಪಠ್ಯಕ್ರಮವನ್ನು ನಾವು ಬದಲಿಸಲಾಗದು. 2014ರ ತಿದ್ದುಪಡಿಯಿಂದ ಬಂದ ಐಚ್ಛಿಕ ವೃತ್ತಿಗಳ ಬಾಬತ್ತು ಹಾಗಲ್ಲ. ಉದ್ಯಮದ ಅಗತ್ಯಕ್ಕೆ ತಕ್ಕಂತೆ ಕೋರ್ಸನ್ನು ರೂಪಿಸಿ ಅನುಮೋದನೆ ಪಡೆಯಲು ಅವಕಾಶವಿದೆ. ಅವಧಿ 6ರಿಂದ 36 ತಿಂಗಳು. ಜೋಯಿಡಾದ ರೆಸಾರ್ಟಿನವರು ಭಾಷೆಯನ್ನೂ ಅತಿಥಿ ಸತ್ಕಾರವನ್ನೂ ಒಂದೇ ಕೋರ್ಸಿನಲ್ಲಿ ಹೆಣೆದರೆ, ಭಾಷೆ ಕಲಿಯುವ ತಿಂಗಳುಗಳೂ ಕರಾರಿನ ಅವಧಿಯೇ ಆಗಿ ಶಿಷ್ಯವೇತನದ ನೆರವು ನಿಲ್ಲುವುದಿಲ್ಲ. ಬೋಧಕನ ಸಂಬಳ ಮಾತ್ರ ಆಗಲೂ ನಮ್ಮದೇ ಖರ್ಚು. ಇಷ್ಟು ಸರಳ ಸೌಲಭ್ಯವನ್ನು ದೊಡ್ಡ ಕಾರ್ಖಾನೆಗಳದೆಂದು ಬಿಟ್ಟುಕೊಡುವುದು ಸರಿಯಲ್ಲ.

ಹೊರಗಿನ ಖಾಸಗಿ ಸಂಸ್ಥೆಗೆ ಕಳುಹಿಸಲೇಬೇಕಾದರೆ, ವ್ಯವಹಾರಕ್ಕಾಗಿಯೇ ಮಾಡಿದ ಆ ಶುಲ್ಕ ಆದಾಯ ತೆರಿಗೆಯಲ್ಲಿ ಕಳೆಯಬಹುದಾದ ವೆಚ್ಚ. ಬಿಲ್ಲು ಸಂಸ್ಥೆಯ ಹೆಸರಿನಲ್ಲಿರಲಿ, ಹುಡುಗನ ಹೆಸರಿನಲ್ಲಲ್ಲ. ಅದರ ಮೇಲಿನ ಜಿ.ಎಸ್.ಟಿ.ಯನ್ನು ಸಾಮಾನ್ಯ ನೋಂದಾಯಿತರು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೋಸಿಶನ್ ವ್ಯಾಪಾರಿಗಳಿಗೆ ಅದೂ ಇಲ್ಲ.

ಕರಾರನ್ನು ಪೋರ್ಟಲಿನಲ್ಲಿ ನೋಂದಾಯಿಸದೆ ‘ಕಲಿಯುವ ಹುಡುಗ’ ಎಂದು ಇಟ್ಟುಕೊಳ್ಳುವುದು ಅಪಾಯಕಾರಿ. 1961ರ ಶಿಶಿಕ್ಷು ಅಧಿನಿಯಮದಡಿ ನೇಮಕವಾದವನಿಗೆ ಭವಿಷ್ಯ ನಿಧಿ, ಇ.ಎಸ್.ಐ. ವಂತಿಗೆ ಅನ್ವಯಿಸುವುದಿಲ್ಲ, ನೋಂದಣಿ ಇಲ್ಲದಿದ್ದರೆ ಅವನನ್ನು ನೌಕರನೆಂದೇ ಪರಿಗಣಿಸಿ ವಂತಿಗೆ ಕೇಳುವ ಸಂಭವವಿದೆ. ಗುತ್ತಿಗೆಯವರನ್ನೂ ಸೇರಿಸಿ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಶಿಶಿಕ್ಷುಗಳ ನೇಮಕ ಕಡ್ಡಾಯ ಎಂಬುದನ್ನೂ ಗಮನಿಸಬೇಕು. ಮಸ್ಟರ್ ರೋಲಿನಲ್ಲಿ 18 ಹೆಸರಿದ್ದು ಗುತ್ತಿಗೆದಾರನ ಕಡೆಯಿಂದ 12 ಮಂದಿ ಬರುತ್ತಿದ್ದರೆ ನೀವು ಆ ಗೆರೆಯ ಮೇಲೆಯೇ ಇದ್ದೀರಿ.

ಡಿಪ್ಲೊಮಾ ಹಾಗೂ ಪದವೀಧರರಿಗಾಗಿ ಶಿಕ್ಷಣ ಸಚಿವಾಲಯದ ಪ್ರತ್ಯೇಕ ಯೋಜನೆ ಇದೆ. ಅಲ್ಲಿ ಕನಿಷ್ಠ ಶಿಷ್ಯವೇತನದ ಅರ್ಧ ಭಾಗ ಸರ್ಕಾರದ್ದು. ಹಳಿಯಾಳದ ಇಂಜಿನಿಯರಿಂಗ್ ಕಾಲೇಜಿನಿಂದ ಹುಡುಗರನ್ನು ಪಡೆಯುವವರು ಇದನ್ನೇ ಮೊದಲು ನೋಡುವುದು ಲೇಸು. ಹಳಿಯಾಳದಲ್ಲಿಯೇ ಇರುವ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯ ಕೋರ್ಸುಗಳು ಉಚಿತ. ಆದರೆ ಅವು ನಿರುದ್ಯೋಗಿ ಯುವಕರಿಗಾಗಿ ಇರುವಂಥವು. ಆದಕಾರಣ ಹುಡುಗ ಅಲ್ಲಿ ಕಲಿತು ಬಂದ ಮೇಲೆ ಕರಾರಿಗೆ ಸಹಿ ಹಾಕಿಸಿಕೊಳ್ಳಿರಿ.